ರೋಮಿನ ಬಲಿಪೀಠ, ಕಲ್ಯಾಣದ ಭಂಡಾರ, ನಮ್ಮ ಓಣಿಯ ಪಟ್ಟಿ
(ಕ್ರಿಸ್ತರಾಜರ ಮಹೋತ್ಸವದ ಪ್ರಬೋಧನೆ)



ಹುಮನಾಬಾದಿನಲ್ಲಿ ಜನವರಿ ಬಂತೆಂದರೆ ವೀರಭದ್ರೇಶ್ವರ ಜಾತ್ರೆ. ಅದಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಊರಿನಲ್ಲಿ ಮಾತು ಶುರುವಾಗುತ್ತದೆ. ಹಿಂದಿನ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ನಮ್ಮ ಬಳಿ ಬಂದು ನಿಂತರು. "ಫಾದರ್, ಓಣಿ ಹಿರಿಯರು ಪಟ್ಟಿ ಕೇಳಲಿಕ್ಕೆ ಬರ್ತಾರ್ರೀ. ಕೊಟ್ರೆ ಪಾಪ ಆಗ್ತದೇನ್ರೀ? ಕೊಡಲಿಲ್ಲ ಅಂದ್ರ ನಾಳೆ ನಮ್ಮ ಮನ್ಯಾಗ ಸಾವು ಆದ್ರ ಯಾರು ಬರ್ತಾರ್ರೀ?" ಎಂದು ಕೇಳಿದರು. ಅವರ ಮಗ ಪಕ್ಕದಲ್ಲೇ ಇದ್ದ. ಅವನ ಪ್ರಶ್ನೆ ಇನ್ನೂ ಸರಳ: "ಗೆಳೆಯನ ಮನೆಯವರು ಪ್ರಸಾದ ಕೊಟ್ಟರೆ ತಿನ್ನಬೇಕೋ ಬೇಡವೋ?"

ನಾವು ಒಂದು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸಬಹುದಿತ್ತು. ಆದರೆ ಈ ಪ್ರಶ್ನೆ ಆ ಒಂದು ಕುಟುಂಬದ್ದಲ್ಲ. ದೊಡ್ಡ ಊರಿನಲ್ಲಿ ಕೆಲವೇ ಮನೆಗಳಾಗಿ ಬದುಕುವ ನಮ್ಮೆಲ್ಲರದು. ಹತ್ತೊಂಬತ್ತು ನೂರು ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದಲ್ಲಿದ್ದ ಕ್ರೈಸ್ತ ತಾಯಂದಿರ ಪ್ರಶ್ನೆಯೂ ಇದೇ ಆಗಿತ್ತು. ಕ್ರಿಸ್ತರನ್ನು ನಮ್ಮ ಅರಸರೆಂದು ಸಾರುವ ಈ ಮಹೋತ್ಸವದಂದು ಆ ಅರಸರ ಪ್ರಜೆಗಳು ಊರಿನ ಪ್ರಜೆಗಳಾಗಿಯೂ ಬಾಳುವುದು ಹೇಗೆ ಎಂದು ಸ್ವಲ್ಪ ಯೋಚಿಸೋಣ.

ರೋಮನ್ನರ ಮನೆ ಮತ್ತು ಓಣಿ

ರೋಮನ್ನರಿಗೆ ಧರ್ಮ ಎಂಬುದು ಊರಿನ ಬದುಕಿನಿಂದ ಬೇರೆಯಾದ ವಿಷಯವಾಗಿರಲಿಲ್ಲ. ಪ್ರತಿ ಮನೆಯಲ್ಲೂ ಮನೆಯನ್ನು ಕಾಯುವ ಲಾರೆಸ್ ಎಂಬ ದೇವತೆಗಳಿಗೆ ಒಂದು ಚಿಕ್ಕ ಗೂಡು ಇರುತ್ತಿತ್ತು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪೊಂಪೆ ನಗರದ ಮನೆಗಳಲ್ಲಿ ಇಂತಹ ಗೂಡುಗಳನ್ನು ಇಂದಿಗೂ ನೋಡಬಹುದು. ಮನೆಯ ಯಜಮಾನನೇ ಅಲ್ಲಿ ಪೂಜಾರಿ. ನಮ್ಮ ಅಕ್ಕಪಕ್ಕದ ಮನೆಗಳ ದೇವರ ಜಗಲಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮನೆ ದಾಟಿದರೆ ಓಣಿ. ಬೀದಿಗಳು ಕೂಡುವ ಚೌಕದಲ್ಲಿ ಓಣಿಯ ದೇವತೆಗಳಿಗೆ ಒಂದು ಗುಡಿ. ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲಿನಲ್ಲಿ ಅಲ್ಲಿ 'ಕೊಂಪಿಟಾಲಿಯಾ' ಎಂಬ ಹಬ್ಬ ನಡೆಯುತ್ತಿತ್ತು. ಅದಕ್ಕೆ ಪ್ರತಿ ಮನೆಯಿಂದ ಒಂದು ಜೇನಿನ ಕಡುಬು ಬರಬೇಕೆಂಬ ಪದ್ಧತಿಯಿತ್ತು ಎಂದು ಹಾಲಿಕಾರ್ನಾಸಸ್ಸಿನ ಡಯೊನೀಸಿಯಸ್ ಎಂಬ ಇತಿಹಾಸಕಾರ ಬರೆದಿದ್ದಾನೆ. ಅಂದರೆ ಓಣಿಯ ಪಟ್ಟಿ ಎರಡು ಸಾವಿರ ವರ್ಷಗಳಷ್ಟು ಹಳೆಯದು! ಕ್ರಿ.ಪೂ. 7ರಲ್ಲಿ ಚಕ್ರವರ್ತಿ ಅಗಸ್ಟಸ್ ರೋಮ್ ನಗರವನ್ನು 14 ವಲಯಗಳಾಗಿ, ಅವುಗಳನ್ನು ಮತ್ತೆ ಓಣಿಗಳಾಗಿ ವಿಂಗಡಿಸಿದ. ಓಣಿಯ ಗುಡಿಯ ಹೊಣೆಯನ್ನು ಅಲ್ಲಿನ ಮುಖಂಡರಿಗೆ ಒಪ್ಪಿಸಿದ. ಅವರಲ್ಲಿ ಅನೇಕರು ಗುಲಾಮಗಿರಿಯಿಂದ ಬಿಡುಗಡೆ ಪಡೆದ ಬಡವರು. ಊರಿನಲ್ಲಿ ಬೇರೆಲ್ಲೂ ಮಾನ ಸಿಗದವನಿಗೆ ಓಣಿಯ ಹಬ್ಬದಲ್ಲಿ ಮಾನ ಸಿಗುತ್ತಿತ್ತು. ಪಟ್ಟಿ ಕೊಡದವನು ಯಾಕೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಎಂಬುದು ಇದರಿಂದ ನಮಗೆ ಅರ್ಥವಾಗುತ್ತದೆ.

ಓಣಿಯ ಆಚೆಗೆ ಇಡೀ ನಗರ. ಊರಿನ ಒಲೆಯಂತಿದ್ದ ವೆಸ್ಟಾ ದೇವತೆಯ ಗುಡಿಯಲ್ಲಿ ಬೆಂಕಿ ಆರಬಾರದು. ಅದನ್ನು ಕಾಯಲು ಆರು ಮಂದಿ ಕನ್ಯೆಯರು. ಆರರಿಂದ ಹತ್ತು ವರ್ಷದೊಳಗಿನ ಹುಡುಗಿಯರನ್ನು ಆರಿಸಿ ಮೂವತ್ತು ವರ್ಷ ಸೇವೆಗೆ ಇಡುತ್ತಿದ್ದರು. ಸರ್ಕಾರದ ಖಜಾನೆ ಇದ್ದದ್ದು ಸಾಟರ್ನ್ ದೇವರ ಗುಡಿಯಲ್ಲಿ. ನಾಣ್ಯ ಮುದ್ರಿಸುತ್ತಿದ್ದ ಟಂಕಸಾಲೆ ಜೂನೋ ಮೊನೇಟಾ ದೇವಿಯ ಗುಡಿಯ ಬಳಿ. ಹಣಕ್ಕೆ ಇಂಗ್ಲಿಷಿನಲ್ಲಿರುವ 'ಮನಿ' ಎಂಬ ಹೆಸರು ಬಂದದ್ದು ಈ ಮೊನೇಟಾಳಿಂದಲೇ. ಯುದ್ಧಕ್ಕೆ ಹೊರಡುವ ಮೊದಲು, ಚುನಾವಣೆ ನಡೆಸುವ ಮೊದಲು ಹಕ್ಕಿಗಳ ಹಾರಾಟ ನೋಡಿ ಶಕುನ ಕೇಳುತ್ತಿದ್ದರು.

ಪೂಜಾರಿಗಳೆಂಬ ಬೇರೆ ವರ್ಗವೂ ಹೆಚ್ಚಾಗಿ ಇರಲಿಲ್ಲ. ರಾಜಕಾರಣಿಗಳೇ ಪೂಜಾರಿಗಳು. ಮಹಾ ವಾಗ್ಮಿ ಸಿಸೆರೊ ಶಕುನ ನೋಡುವ ಮಂಡಳಿಯ ಸದಸ್ಯನಾಗಿದ್ದ. ಜೂಲಿಯಸ್ ಸೀಸರ್ ಕ್ರಿ.ಪೂ. 63ರಲ್ಲಿ ಪ್ರಧಾನ ಪೂಜಾರಿಯ ಹುದ್ದೆಗೆ ಚುನಾವಣೆಯಲ್ಲಿ ಗೆದ್ದು ಬಂದ. ಕ್ರಿ.ಪೂ. 12ರಿಂದ ಆ ಹುದ್ದೆ ಚಕ್ರವರ್ತಿಗಳ ಪಾಲಾಯಿತು. ಪ್ರಭುಯೇಸುವಿನ ಮುಂದೆ ತಂದು ತೋರಿಸಿದ್ದು ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅದರ ಒಂದು ಬದಿಯಲ್ಲಿ ಅವನು ದೈವೀ ಅಗಸ್ಟಸನ ಮಗನೆಂದೂ ಇನ್ನೊಂದು ಬದಿಯಲ್ಲಿ ಪ್ರಧಾನ ಪೂಜಾರಿಯೆಂದೂ ಬರೆದಿದೆ. ಒಂದು ಚಿಕ್ಕ ನಾಣ್ಯದಲ್ಲಿ ಅರಸ, ದೇವರು, ಗುಡಿ ಮೂರೂ ಸೇರಿಕೊಂಡಿದ್ದವು. ಅದರ ಮೇಲೆ ಯಾರ ಮುದ್ರೆಯಿದೆ ಎಂದು ನಮ್ಮ ಪ್ರಭು ಕೇಳಿದರು. ಚಕ್ರವರ್ತಿಯದನ್ನು ಚಕ್ರವರ್ತಿಗೂ ದೇವರದನ್ನು ದೇವರಿಗೂ ಸಲ್ಲಿಸಬೇಕೆಂದರು (ಮತ್ತಾಯ 22). ಅಂಟಿಕೊಂಡಿದ್ದ ಎರಡನ್ನು ಬಿಡಿಸಿದ ಮಾತದು. ನಾಣ್ಯಕ್ಕೆ ಅರಸನ ಮುದ್ರೆ, ಮನುಷ್ಯನಿಗೆ ದೇವರ ಮುದ್ರೆ.

ಒಂದು ಚಿಟಿಕೆ ಧೂಪ

ಇಷ್ಟು ತಿಳಿದರೆ ಆದಿ ಕ್ರೈಸ್ತರ ಕಷ್ಟ ಅರ್ಥವಾಗುತ್ತದೆ. ಯಾರು ಏನು ನಂಬುತ್ತಾರೆ ಎಂದು ರೋಮ್ ಹೆಚ್ಚು ಕೇಳುತ್ತಿರಲಿಲ್ಲ. ಎಲ್ಲರೊಂದಿಗೆ ಬಂದು ವಿಧಿ ಪೂರೈಸಿದರೆ ಸಾಕಿತ್ತು. ದೇವತೆಗಳು ಮುನಿದರೆ ಮಳೆ ಹೋಗುತ್ತದೆ, ಸೈನ್ಯ ಸೋಲುತ್ತದೆ, ಆದ್ದರಿಂದ ಪೂಜೆಗೆ ಬಾರದವನು ಊರಿಗೇ ಕೇಡು ಮಾಡುವವನು ಎಂಬುದು ಅವರ ಎಣಿಕೆ. ಹೀಗಾಗಿ ಕ್ರೈಸ್ತರಿಗೆ 'ನಾಸ್ತಿಕರು' ಎಂಬ ಹೆಸರು ಬಂತು!

ಸುಮಾರು ಕ್ರಿ.ಶ. 112ರಲ್ಲಿ ಕಪ್ಪು ಸಮುದ್ರದ ದಡದ ಪ್ರಾಂತ್ಯದ ರಾಜ್ಯಪಾಲ ಪ್ಲೀನಿ, ಕ್ರೈಸ್ತರನ್ನು ಏನು ಮಾಡಬೇಕೆಂದು ಚಕ್ರವರ್ತಿ ಟ್ರಾಜನ್‌ನಿಗೆ ಪತ್ರ ಬರೆದ. ಅವರು ಬೆಳಗಾಗುವ ಮುನ್ನ ಕೂಡುತ್ತಾರೆ, ಕ್ರಿಸ್ತನಿಗೆ ಸ್ತುತಿ ಹಾಡುತ್ತಾರೆ, ಕಳ್ಳತನ ವ್ಯಭಿಚಾರ ಮಾಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಾರೆ ಎಂದು ಅವನೇ ವರದಿ ಮಾಡಿದ. ಗುಡಿಗಳು ಬಿಕೋ ಎನ್ನುತ್ತಿದ್ದವು, ಬಲಿಯ ಮಾಂಸ ಕೊಳ್ಳುವವರೇ ಇರಲಿಲ್ಲ ಎಂದೂ ತಿಳಿಸಿದ. ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತರನ್ನು ಶಪಿಸಿದವರನ್ನು ಬಿಟ್ಟ, ಒಪ್ಪದವರನ್ನು ಕೊಲ್ಲಿಸಿದ. ಅವರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರುಗಳನ್ನು ಸ್ವೀಕರಿಸಬೇಡ, ಆದರೆ ಸಾಬೀತಾದರೆ ಶಿಕ್ಷಿಸು ಎಂದು ಟ್ರಾಜನ್ ಉತ್ತರಿಸಿದ.

249ರಲ್ಲಿ ಪಟ್ಟಕ್ಕೆ ಬಂದ ಡೆಸಿಯಸ್ ಇನ್ನೂ ಮುಂದೆ ಹೋದ. ಸಾಮ್ರಾಜ್ಯದ ಪ್ರತಿಯೊಬ್ಬರೂ ದೇವತೆಗಳಿಗೆ ಬಲಿ ಅರ್ಪಿಸಿ, ಅಧಿಕಾರಿಗಳ ಸಹಿಯುಳ್ಳ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಈಜಿಪ್ಟಿನ ಮರಳಿನಲ್ಲಿ ಇಂತಹ ನಲವತ್ತಕ್ಕೂ ಹೆಚ್ಚು ಪತ್ರಗಳು ದೊರೆತಿವೆ. ಜಗದ್ಗುರು ಸಂತ ಫಾಬಿಯಾನರು 250ರ ಜನವರಿಯಲ್ಲಿ ರಕ್ತಸಾಕ್ಷಿಯಾದರು. ಆದರೆ ಎಲ್ಲರೂ ಫಾಬಿಯಾನರಾಗಲಿಲ್ಲ. ಅನೇಕರು ಹೆದರಿ ಧೂಪ ಹಾಕಿದರು. ಕೆಲವರು ಬಲಿ ಅರ್ಪಿಸದೆಯೇ ಲಂಚ ಕೊಟ್ಟು ಪತ್ರ ಮಾಡಿಸಿಕೊಂಡರು. ಹಿಂಸೆ ನಿಂತ ಮೇಲೆ ಇವರು ಅಳುತ್ತಾ ಧರ್ಮಸಭೆಯ ಬಾಗಿಲಿಗೆ ಬಂದರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಅವರಿಗೆ ಪ್ರಾಯಶ್ಚಿತ್ತ ವಿಧಿಸಿದರು, ಆದರೆ ಬಾಗಿಲು ಮುಚ್ಚಲಿಲ್ಲ. ಇದನ್ನು ನಾವು ಮರೆಯಬಾರದು. ಹೊಟ್ಟೆಪಾಡಿಗೆ ಹೆದರಿ, ನೆರೆಯವರ ಮಾತಿಗೆ ಅಂಜಿ, ಕೊರಳಿನ ಶಿಲುಬೆಯನ್ನು ಅಂಗಿಯೊಳಗೆ ಅಡಗಿಸಿದವರು ನಮ್ಮಲ್ಲೂ ಇದ್ದಾರೆ. ಅವರ ಮೇಲೆ ಕಲ್ಲೆಸೆಯುವುದು ನಮ್ಮ ಕೆಲಸವಲ್ಲ.

ನಮ್ಮ ಕಲ್ಯಾಣದಲ್ಲಿ

ರೋಮ್ ದೂರದ ಊರು. ಹತ್ತಿರದ ಉದಾಹರಣೆ ಬೇಕೆಂದರೆ ಬಸವಕಲ್ಯಾಣಕ್ಕೆ ಬರೋಣ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ಮಳಖೇಡದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ಕೀರ್ತಿ ಕಾಶ್ಮೀರದವರೆಗೆ ಹಬ್ಬಿತ್ತು. ಅಲ್ಲಿಂದಲೇ ಕವಿ ಬಿಲ್ಹಣ ಈ ಆಸ್ಥಾನಕ್ಕೆ ಬಂದದ್ದು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಗೆ ಹೋದವರು ಗೋಡೆಯ ಮೇಲೆ ಶಾಸನ ಬರೆಯುತ್ತಾ ನಿಂತಿರುವ ಶಿಲಾಬಾಲಿಕೆಯನ್ನು ನೋಡಿರಬಹುದು. ಆಕೆ ಬರೆಯುತ್ತಿರುವುದೂ ಈ ವಿಕ್ರಮಾದಿತ್ಯನ ಹೊಗಳಿಕೆಯನ್ನೇ. ಗುಡಿಯ ಗೋಡೆಯೇ ಅರಸನ ಪ್ರಕಟಣೆಯ ಫಲಕ!

ಇಲ್ಲಿಯೂ ಧರ್ಮ ಮತ್ತು ಊರಿನ ಆಡಳಿತ ಒಂದಕ್ಕೊಂದು ಹೆಣೆದುಕೊಂಡಿದ್ದವು. ಗುಡಿಗಳಿಗೆ ಭೂಮಿ ದತ್ತಿ ಇರುತ್ತಿತ್ತು. ಆ ಆದಾಯದಿಂದ ಪೂಜೆ, ಅನ್ನದಾನ, ಪಾಠಶಾಲೆ ನಡೆಯುತ್ತಿದ್ದವು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಲಯದ ವಿವರವಿದೆ. ಅಲ್ಲಿ ಪುಸ್ತಕ ಭಂಡಾರ ನೋಡಿಕೊಳ್ಳುವವರನ್ನೂ ನೇಮಿಸಿದ್ದರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರು ತಮ್ಮ ಸರಕಿನ ಮೇಲೆ ಇಷ್ಟೆಂದು ಗುಡಿಗೆ ಬಿಟ್ಟುಕೊಡುತ್ತಿದ್ದರು. ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ ಕುಳಿತು 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಇಂದಿನ ನ್ಯಾಯಾಲಯಗಳಲ್ಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ಮಾತು ಬಂದಾಗ ಆ ಹೆಸರು ಕೇಳಿಬರುತ್ತದೆ.

ಈ ವ್ಯವಸ್ಥೆಯಲ್ಲಿ ಒಳ್ಳೆಯದು ಬಹಳವಿತ್ತು. ಆದರೆ ಪ್ರತಿಯೊಬ್ಬನ ಜಾಗ ಹುಟ್ಟಿನಿಂದಲೇ ಗೊತ್ತಾಗಿಬಿಡುತ್ತಿತ್ತು. ಚರ್ಮ ಹದ ಮಾಡುವವನಿಗೆ ಗುಡಿಯ ಒಳಗೆ ಜಾಗವಿರಲಿಲ್ಲ, ಊರಿನ ಮಾತಿನಲ್ಲೂ ಪಾಲಿರಲಿಲ್ಲ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಕಳಚುರಿ ಬಿಜ್ಜಳ ಕಲ್ಯಾಣವನ್ನು ವಶಪಡಿಸಿಕೊಂಡ. ಅವನ ಭಂಡಾರಿಯಾಗಿದ್ದವರು ಬಸವಣ್ಣನವರು. ಅರಸನ ಲೆಕ್ಕದ ಪುಸ್ತಕ ಕೈಯಲ್ಲಿದ್ದವರೇ, ಪ್ರಾಮಾಣಿಕವಾಗಿ ಮಾಡುವ ಯಾವ ಕೆಲಸವೂ ಕೀಳಲ್ಲ, ಅದು ಪೂಜೆಗೆ ಸಮ ಎಂದು ಕಲಿಸಿದರು. ದುಡಿದದ್ದನ್ನು ಹಂಚಿಕೊಳ್ಳುವ ದಾಸೋಹ ಕಲಿಸಿದರು. ಅಲ್ಲಮಪ್ರಭುಗಳು ಮುಂದೆ ನಿಂತು ನಡೆಸಿದ ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಅಕ್ಕಮಹಾದೇವಿ ಇವರೆಲ್ಲರ ಮಾತಿಗೂ ಬೆಲೆಯಿತ್ತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ಗೊತ್ತಿರಬಹುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮಗೆ ಇಷ್ಟೊಂದು ಯಾಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿ ಆಯುವ ಬಡ ಹೆಂಗಸಿನ ಈ ಲೆಕ್ಕ ನಮ್ಮ ಎಷ್ಟು ಕಚೇರಿಗಳಲ್ಲಿ, ಎಷ್ಟು ಸಂಘಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲೂ ಎಷ್ಟಿದೆ ಎಂದು ಕೇಳಿಕೊಳ್ಳೋಣ.

ಮುಂದಿನ ಕಥೆ ದುಃಖದ್ದು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತೆಂದೂ, ಅದನ್ನು ಸಹಿಸದವರ ಮಾತು ಕೇಳಿ ಬಿಜ್ಜಳ ಆ ಇಬ್ಬರು ತಂದೆಯರನ್ನು ಕ್ರೂರವಾಗಿ ಕೊಲ್ಲಿಸಿದನೆಂದೂ ಪರಂಪರೆ ಹೇಳುತ್ತದೆ. 1160ರ ದಶಕದ ಕೊನೆಯ ಹೊತ್ತಿಗೆ ಬಿಜ್ಜಳನೂ ಹತನಾದ, ಕಲ್ಯಾಣ ಹೊತ್ತಿ ಉರಿಯಿತು, ಶರಣರು ಉಳವಿಯ ಕಡೆಗೆ ಚದುರಿದರು. ಶರಣರ ನಂಬಿಕೆ ಬೇರೆ, ನಮ್ಮ ನಂಬಿಕೆ ಬೇರೆ. ಎರಡನ್ನೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಒಂದು ಮಾತು ಎರಡು ಕಡೆಗೂ ನಿಜ. ಊರಿನ ಪದ್ಧತಿ ಮತ್ತು ಅಂತಃಕರಣ ಒಂದಕ್ಕೊಂದು ಎದುರಾದಾಗ ಬೆಲೆ ತೆತ್ತವರು ಅಂತಃಕರಣದ ಕಡೆ ನಿಂತವರು. ಇಂದು ಅದೇ ಊರು ಅವರ ಹೆಸರಿನಲ್ಲಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದೆ.

ಸಂತ ಪೌಲರ ಉತ್ತರ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಕೊರಿಂಥ ಪಟ್ಟಣ ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಲು ತೊಡಗಿದ ರೋಮನ್ ವಸಾಹತು. ಗುಡಿಯಲ್ಲಿ ಬಲಿಯಾದ ಮಾಂಸ ಅಲ್ಲಿನ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ಅದನ್ನು ತಿನ್ನಬಹುದೇ ಎಂದು ಕ್ರೈಸ್ತರು ಸಂತ ಪೌಲರನ್ನು ಕೇಳಿದರು. ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 8ರಿಂದ 10ನೆಯ ಅಧ್ಯಾಯಗಳಲ್ಲಿ ನೀಡಿದ ಉತ್ತರದಲ್ಲಿ ಮೂರು ಅಂಶಗಳಿವೆ.

ಮೊದಲನೆಯದಾಗಿ, ದೇವರು ಒಬ್ಬರೇ. ಆಹಾರದಿಂದ ಯಾರೂ ದೇವರಿಗೆ ಹತ್ತಿರವಾಗುವುದಿಲ್ಲ, ದೂರವೂ ಆಗುವುದಿಲ್ಲ. ಪೇಟೆಯಲ್ಲಿ ಕೊಂಡದ್ದನ್ನು, ನೆರೆಯವನು ಕರೆದು ಬಡಿಸಿದ್ದನ್ನು ಅನುಮಾನವಿಲ್ಲದೆ ತಿನ್ನಬಹುದು. ಎರಡನೆಯದಾಗಿ, ಪ್ರಭುವಿನ ಬಲಿಪೀಠದಲ್ಲಿ ಪಾಲುಗೊಂಡವರು ಬೇರೆ ಆರಾಧನೆಯಲ್ಲಿ ಪಾಲುಗೊಳ್ಳಲಾಗದು. ಮೂರನೆಯದಾಗಿ, ನೀನು ತಿನ್ನುವುದನ್ನು ಕಂಡು ನಂಬಿಕೆಯಲ್ಲಿ ಎಳೆಯನಾದ ಒಬ್ಬ ಸಹೋದರ ಎಡವುವುದಾದರೆ ಅವನಿಗೋಸ್ಕರ ಅದನ್ನು ಬಿಡು.

ಆದ್ದರಿಂದ ಆ ತಾಯಿಗೆ ನಾವು ಹೀಗೆ ಹೇಳಿದೆವು: "ನೋಡಮ್ಮಾ, ಓಣಿಯವರು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಕೂಡಿಸಿ ಚಹಾ ಕೊಡಿ. ಜಾತ್ರೆಗೆ ಬರುವ ಜನರ ನೀರಿಗೆ, ಊಟಕ್ಕೆ, ದೀಪಕ್ಕೆ, ಓಣಿಯ ಸ್ವಚ್ಛತೆಗೆ ನಮ್ಮ ಪಾಲೆಂದು ಬಾಯಿಬಿಟ್ಟು ಹೇಳಿ ಕೊಡಿ. ಪೂಜೆ ಮಾತ್ರ ನಾವು ಪ್ರಭುಯೇಸುವಿಗೆ ಸಲ್ಲಿಸುತ್ತೇವೆ ಎಂದು ನಯವಾಗಿ ತಿಳಿಸಿ. ಅವರು ನಿಮ್ಮನ್ನು ತಪ್ಪು ತಿಳಿಯುವುದಿಲ್ಲ." ಹುಡುಗನಿಗೂ ಹೇಳಿದೆವು: ಗೆಳೆಯ ಪ್ರೀತಿಯಿಂದ ಕೈಗಿಟ್ಟದ್ದನ್ನು ನೆಲಕ್ಕೆ ಎಸೆಯಬಾರದು. ಸ್ನೇಹಕ್ಕಾಗಿ ತಿಂದರೆ ಅದು ಆರಾಧನೆಯಲ್ಲ. ಮನಸ್ಸು ಒಪ್ಪದಿದ್ದರೆ ನಗುತ್ತಲೇ ಬೇಡವೆನ್ನು. ಕ್ರಿಸ್ಮಸ್ ದಿನ ಅವನನ್ನು ಮನೆಗೆ ಕರೆದು ಕಲಕಲ ಕೊಡು.

ನೆರೆಹೊರೆಯವರ ಬಗ್ಗೆ ನಾವು ಹೆದರಬೇಕಾಗಿಯೂ ಇಲ್ಲ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು (1817–1865) ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯವನ್ನು ಬೋಧಿಸಿದರು. ಬೇರೆ ನಂಬಿಕೆಯವರನ್ನು ಗೌರವಿಸುವುದು ಈ ಮಣ್ಣಿಗೆ ಹೊಸದಲ್ಲ. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಕಲಿಸಿದೆ.

ಅಧಿಕಾರ ನಮ್ಮ ಕೈಗೆ ಬಂದಾಗ

ಇತಿಹಾಸವನ್ನು ಓದುವಾಗ ನಮ್ಮ ತಪ್ಪನ್ನೂ ಓದಬೇಕು. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಕ್ರೈಸ್ತರಿಗೂ ಉಳಿದೆಲ್ಲರಿಗೂ ಆರಾಧನೆಯ ಸ್ವಾತಂತ್ರ್ಯ ಕೊಟ್ಟರು. ಆದರೆ 380ರಲ್ಲಿ ಥಿಯೊಡೋಸಿಯಸ್ ಕ್ರೈಸ್ತ ವಿಶ್ವಾಸವನ್ನು ಸಾಮ್ರಾಜ್ಯದ ಧರ್ಮವಾಗಿಸಿದ; ಹತ್ತು ಹನ್ನೆರಡು ವರ್ಷಗಳಲ್ಲಿ ಹಳೆಯ ಪೂಜೆಗಳನ್ನು ನಿಷೇಧಿಸಿದ. 384ರಲ್ಲಿ ಸಿಮಾಕಸ್ ಎಂಬ ಹಿರಿಯ ರೋಮನ್, ಶಾಸನಸಭೆಯಿಂದ ತೆಗೆಸಿದ್ದ ವಿಜಯದೇವತೆಯ ಬಲಿಪೀಠವನ್ನು ಮತ್ತೆ ಇಡಿಸಿ, ಪೂರ್ವಿಕರ ದಾರಿಯಲ್ಲಿ ನಡೆಯಲು ನಮಗೂ ಬಿಡಿ ಎಂದು ಬೇಡಿಕೊಂಡ. ಅವನಿಗೆ ಅವಕಾಶ ಸಿಗಲಿಲ್ಲ. ಹಿಂದೆ ಕ್ರೈಸ್ತರು ಬೇಡಿದ್ದನ್ನೇ ಈಗ ಇನ್ನೊಬ್ಬರು ಬೇಡುತ್ತಿದ್ದರು. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು ಎಂದು ಅದೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಸಾರಿತು. ನಮ್ಮ ಸಂವಿಧಾನದ 25ನೆಯ ವಿಧಿಯೂ ಎಲ್ಲರಿಗೂ ಅಂತಃಕರಣದ ಸ್ವಾತಂತ್ರ್ಯ ಕೊಟ್ಟಿದೆ. ನಮಗೆ ಬೇಕಾದ ಈ ಸ್ವಾತಂತ್ರ್ಯ ನೆರೆಯವರಿಗೂ ಬೇಕು.

ಎಂತಹ ಅರಸರು?

ಈ ಮಹೋತ್ಸವವನ್ನು ಜಗದ್ಗುರು ಹನ್ನೊಂದನೆಯ ಪಿಯೂಸರು 1925ರಲ್ಲಿ ಸ್ಥಾಪಿಸಿದರು. ಮೊದಲ ಮಹಾಯುದ್ಧದ ಗಾಯ ಆಗಿನ್ನೂ ಹಸಿಯಾಗಿತ್ತು. ರಾಷ್ಟ್ರವೇ ದೇವರು, ನಾಯಕನೇ ದೇವರು ಎನ್ನುವ ಕೂಗು ಯೂರೋಪಿನಲ್ಲಿ ಮತ್ತೆ ಏಳುತ್ತಿತ್ತು. ಆಗ ಧರ್ಮಸಭೆ ತೋರಿಸಿದ್ದು ಪಿಲಾತನ ಮುಂದೆ ಕೈಕಟ್ಟಿಸಿಕೊಂಡು ನಿಂತ ಅರಸರನ್ನು. ಇವರಿಗೆ ಸೈನ್ಯವಿಲ್ಲ, ಟಂಕಸಾಲೆಯಿಲ್ಲ. ಶಿಷ್ಯರ ಪಾದ ತೊಳೆದ ಅರಸರಿವರು. ಹಸಿದವರಲ್ಲಿ, ಸೆರೆಯಲ್ಲಿರುವವರಲ್ಲಿ ನನ್ನನ್ನು ಕಂಡಿರೋ ಎಂದು ಕೊನೆಯ ದಿನ ಕೇಳುವ ಅರಸರು (ಮತ್ತಾಯ 25).

ಆದಿ ಕ್ರೈಸ್ತರಿಗೆ ಇದು ಅರ್ಥವಾಗಿತ್ತು. ಅವರು ಚಕ್ರವರ್ತಿಗೆ ಧೂಪ ಹಾಕಲಿಲ್ಲ, ಆದರೆ ಚಕ್ರವರ್ತಿಗಾಗಿ ಪ್ರಾರ್ಥಿಸಿದರು, ತೆರಿಗೆ ಕೊಟ್ಟರು. ಸಂತ ಪೌಲರು ತಮ್ಮ ರೋಮನ್ ಪೌರತ್ವವನ್ನು ಬಚ್ಚಿಡಲಿಲ್ಲ, ಅನ್ಯಾಯವಾದಾಗ ಕಾನೂನಿನ ಪ್ರಕಾರ ಅದನ್ನು ಬಳಸಿಕೊಂಡರು. ಡೆಸಿಯಸನ ಹಿಂಸೆ ಮುಗಿದ ಕೂಡಲೇ, ಸುಮಾರು 251ರ ಹೊತ್ತಿಗೆ, ರೋಮಿನ ಧರ್ಮಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ನಿರ್ಗತಿಕರನ್ನೂ ಸಲಹುತ್ತಿತ್ತೆಂದು ಜಗದ್ಗುರು ಸಂತ ಕೊರ್ನೇಲಿಯಸರ ಪತ್ರ ತಿಳಿಸುತ್ತದೆ. ಊರಿನ ಹಬ್ಬಕ್ಕೆ ಬಾರದವರು ಊರಿನ ಹಸಿದವರ ಬಳಿಗೆ ಬಂದಿದ್ದರು. ಊರು ಅವರನ್ನು ಗುರುತಿಸಿದ್ದು ಅಲ್ಲಿ.

ಪ್ರಿಯರೇ, 2005ರಲ್ಲಿ ಗುಲ್ಬರ್ಗಾ ಧರ್ಮಕ್ಷೇತ್ರ ರಚನೆಯಾದಾಗಿನಿಂದ ನಮ್ಮ ಭಾಗದಲ್ಲಿ ಸಭೆ ಚಿಕ್ಕದಾಗಿದ್ದರೂ ಬೇರು ಬಿಟ್ಟಿದೆ. ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಮ್ಮ ಓಣಿಯ ಚರಂಡಿ ಕಟ್ಟಿಕೊಂಡಾಗ ಪುರಸಭೆಗೆ ಅರ್ಜಿ ಬರೆಯುವವರಲ್ಲಿ ನಮ್ಮವರು ಇದ್ದಾರೆಯೇ? ಚುನಾವಣೆಯಲ್ಲಿ ಮತವನ್ನು ಮಾರದೆ ಹಾಕುತ್ತೇವೆಯೇ? ಪಕ್ಕದ ಮನೆಯಲ್ಲಿ ಸಾವಾದಾಗ ಮೊದಲು ಹೋಗಿ ನಿಲ್ಲುವವರು ನಾವೇ? ಲಕ್ಕಮ್ಮನಂತೆ, ಸಾಕಾದ ಮೇಲೆ ಹೆಚ್ಚಿನದನ್ನು ಹಿಂದಕ್ಕೆ ಕೊಡುತ್ತೇವೆಯೇ?

ಆ ತಾಯಿ ಕೇಳಿದ ಎರಡನೆಯ ಪ್ರಶ್ನೆ ನಿಮಗೆ ನೆನಪಿರಬಹುದು: ನಮ್ಮ ಮನೆಯಲ್ಲಿ ಸಾವಾದರೆ ಯಾರು ಬರುತ್ತಾರೆ? ಅದಕ್ಕೆ ಪಟ್ಟಿಯ ಹಣದಲ್ಲಿ ಉತ್ತರವಿಲ್ಲ. ವರ್ಷವಿಡೀ ನಾವು ಯಾರ ಯಾರ ಮನೆಗೆ ಹೋಗಿದ್ದೇವೆಯೋ ಅವರೇ ಬರುತ್ತಾರೆ.

ಕ್ರಿಸ್ತರಾಜರು ನಮ್ಮ ಮನೆಗಳನ್ನೂ ನಮ್ಮ ಊರುಗಳನ್ನೂ ಆಶೀರ್ವದಿಸಲಿ. ನಿಮ್ಮೆಲ್ಲರಿಗೂ ಮಹೋತ್ಸವದ ಶುಭಾಶಯಗಳು. ಆಮೆನ್.